ಬೀಳಲು ಕಲಿಸುವ ಗೋಡೆ

ಕ್ಲೈಂಬಿಂಗ್ ಜಿಮ್‌ಗೆ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವುದು ಬೀಳುವುದನ್ನು. ಗೋಡೆಯ ಮೇಲೆ ನಾಲ್ಕು ಅಡಿ ಹತ್ತಿಸಿ, ಈಗ ಕೈಬಿಡಿ ಅನ್ನುತ್ತಾರೆ. ಎರಡೂ ಪಾದ ಒಟ್ಟಿಗೆ ಚಾಪೆಗೆ ತಾಗಬೇಕು, ಮಂಡಿ ಬಾಗಬೇಕು, ಕೂತು ಹಾಗೇ ಬೆನ್ನ ಮೇಲೆ ಹಿಂದಕ್ಕೆ ಉರುಳಬೇಕು. ಗದ್ದ ಎದೆಗೆ ಒತ್ತಿರಬೇಕು, ಕೈಗಳು ಎದೆಯ ಮುಂದೆ ಮಡಚಿರಬೇಕು. ಬೀಳುವಾಗ ಹಿಂದಕ್ಕೆ ಕೈ ಊರುವುದು ನಮ್ಮೆಲ್ಲರ ಹುಟ್ಟುಗುಣ. ಮಣಿಕಟ್ಟು ಮುರಿಯುವುದು, ಮೊಣಕೈ ಕೀಲು ತಪ್ಪುವುದು ಆ ಹುಟ್ಟುಗುಣದಿಂದಲೇ. ಅದಕ್ಕೇ ತರಬೇತುದಾರರು ಅದೊಂದನ್ನು ಹತ್ತು ಸಲ ತಿದ್ದುತ್ತಾರೆ. ಆದರೂ ಮೊದಮೊದಲು ಯಾರೂ ಬೀಳುವುದಿಲ್ಲ. ಗೋಡೆಯನ್ನು ತಬ್ಬಿಕೊಂಡು, ಕಾಲಿಗೆ ಸಿಕ್ಕ ಹಿಡಿಯನ್ನೆಲ್ಲ ಮೆಟ್ಟಿಕೊಂಡು ಮೆಲ್ಲಗೆ ಇಳಿದುಬಿಡುತ್ತಾರೆ. ನಲವತ್ತು ದಾಟಿದವರಲ್ಲಿ ಈ ಹಿಂಜರಿಕೆ ಇನ್ನೂ ಹೆಚ್ಚು. ಬಾಲ್ಯ ಮುಗಿದ ಮೇಲೆ ಬೇಕೆಂದೇ ಬಿದ್ದು ನೋಡುವ ಸಂದರ್ಭ ನಮಗೆ ಬರುವುದೇ ಇಲ್ಲವಲ್ಲ.

ಈ ಜಿಮ್‌ಗಳ ಬಗ್ಗೆ ನನಗೆ ಹೇಳಬೇಕೆನಿಸುವುದೆಲ್ಲ ಈ ಬೀಳುವಿಕೆಯ ಸುತ್ತಲೇ ಇದೆ. ಸುರಕ್ಷಿತವಾಗಿ, ನಾಚಿಕೆಯಿಲ್ಲದೆ, ಬೇಕಾದಷ್ಟು ಸಲ ಬೀಳಲು ಬಿಡುವ ಜಾಗ ನಮ್ಮ ಊರುಗಳಲ್ಲಿ ಬೇರೆ ಎಲ್ಲೂ ಇಲ್ಲ. ಜಿಮ್‌ನ ದೊಡ್ಡ ಉಪಕಾರ ಅದೇ. ಆದರೆ ಬಿದ್ದರೂ ಏನೂ ಆಗುವುದಿಲ್ಲ ಎಂಬ ಭರವಸೆ ಮೈಗೆ ಒಗ್ಗಿಬಿಟ್ಟರೆ, ಬಿದ್ದರೆ ಏನಾಗುತ್ತದೆ ಎಂಬ ಎಚ್ಚರ ಸದ್ದಿಲ್ಲದೆ ಸವೆಯುತ್ತದೆ. ಜಿಮ್‌ನ ದೊಡ್ಡ ತೊಂದರೆಯೂ ಅದೇ ಎಂದು ನಾನು ನಂಬಿದ್ದೇನೆ.

ಕನ್ನಡದ ಓದುಗರಿಗೆ ಬಂಡೆ ಹತ್ತುವುದೆಂದರೆ ತಟ್ಟನೆ ನೆನಪಾಗುವುದು ಚಿತ್ರದುರ್ಗದ ಕೋಟೆಗೋಡೆಯ ಮೇಲೆ ಹಗ್ಗವಿಲ್ಲದೆ ಏರುವ ಜ್ಯೋತಿರಾಜ್, ಅಂದರೆ ಊರೆಲ್ಲ ಕೋತಿರಾಜ ಎಂದು ಕರೆಯುವ ಆ ಮನುಷ್ಯ. ಕೆಳಗೆ ನಿಂತ ಪ್ರವಾಸಿಗರು ಉಸಿರು ಬಿಗಿಹಿಡಿದು ನೋಡುತ್ತಾರೆ. ಆ ಚಿತ್ರವೇ ಮನಸ್ಸಿನಲ್ಲಿರುವವರು ಜಿಮ್‌ಗೆ ಬಂದರೆ ಬೇರೆಯದೇ ಲೋಕ ಕಾಣುತ್ತದೆ. ಎತ್ತರದ ಶೆಡ್ಡು, ಪ್ಲೈವುಡ್ಡಿನ ಗೋಡೆಗಳು, ಅವುಗಳ ತುಂಬ ಬೋಲ್ಟು ಹಾಕಿ ಕೂರಿಸಿದ ಬಣ್ಣಬಣ್ಣದ ಪಾಲಿಯುರಿಥೇನ್ ಹಿಡಿಗಳು. ಇಡೀ ಅಂಗೈ ಒಳಸೇರುವ ಹಿಡಿಗೆ ಜಗ್ ಅನ್ನುತ್ತಾರೆ. ಬೆರಳ ತುದಿ ಮಾತ್ರ ಕೂರುವುದು ಕ್ರಿಂಪ್, ಅಂಚೇ ಇಲ್ಲದೆ ಉಬ್ಬಿಕೊಂಡದ್ದು ಸ್ಲೋಪರ್. ಒಂದು ಬಣ್ಣದ ಹಿಡಿಗಳೆಲ್ಲ ಸೇರಿ ಒಂದು ದಾರಿ. ಕೆಂಪು ಹಿಡಿದು ಹೊರಟರೆ ಕೊನೆಯ ತನಕ ಕೆಂಪೇ. ನಾಲ್ಕು, ನಾಲ್ಕೂವರೆ ಮೀಟರಿನ ಗಿಡ್ಡ ಗೋಡೆಯನ್ನು ಹಗ್ಗವಿಲ್ಲದೆ, ಕೆಳಗೆ ದಪ್ಪ ಚಾಪೆ ಹಾಸಿಕೊಂಡು ಹತ್ತಿದರೆ ಅದು ಬೌಲ್ಡರಿಂಗ್. ಇನ್ನೂ ಎತ್ತರದ ಗೋಡೆಗೆ ಹಾರ್ನೆಸ್, ಹಗ್ಗ, ಕೆಳಗೆ ಹಗ್ಗ ಹಿಡಿದು ಕಾಯುವ ಒಬ್ಬ ಜೊತೆಗಾರ. ಹಾಗೆ ಕಾಯುವುದೇ ಬಿಲೇ. ಜೊತೆಗಾರನ ಬದಲು ಯಂತ್ರವೇ ಹಗ್ಗವನ್ನು ಎಳೆದುಕೊಂಡು ಹಿಡಿಯುವ ಆಟೋ ಬಿಲೇ ಕೂಡ ಈಗ ಬಹಳ ಕಡೆ ಇದೆ.

ಇದೆಲ್ಲ ಶುರುವಾದದ್ದು ಮಳೆಯ ಕಾಟದಿಂದ ಅಂದರೂ ತಪ್ಪಿಲ್ಲ. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಅಧ್ಯಾಪಕ ಡಾನ್ ರಾಬಿನ್ಸನ್ ಅಲ್ಲಿನ ಒಂದು ಪಡಸಾಲೆಯ ಗೋಡೆಯಲ್ಲಿ ಕಲ್ಲಿನ ತುಂಡುಗಳನ್ನು ಕೂರಿಸಿ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆ ಬಿಟ್ಟರು. ಚಳಿಗಾಲವೆಲ್ಲ ಅಲ್ಲಿ ಬೆರಳು ಗಟ್ಟಿ ಮಾಡಿಕೊಂಡವರು ವಸಂತದಲ್ಲಿ ಹೊರಗಿನ ಬಂಡೆಗೆ ಹೋದಾಗ ಉಳಿದವರಿಗಿಂತ ಬಹಳ ಮುಂದಿದ್ದರು. 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವರ್ಟಿಕಲ್ ಕ್ಲಬ್ ತೆರೆಯಿತು. ಅದೂ ಮಳೆಗೆ ಹೆಸರಾದ ಊರೇ. ದುಡ್ಡು ಕೊಟ್ಟು ಒಳಗೆ ಹೋಗಿ ಗೋಡೆ ಹತ್ತುವ ಜಿಮ್ ಆ ದೇಶದಲ್ಲಿ ಅದೇ ಮೊದಲು, ಅಲ್ಲಿಯೂ ಆಗ ಗೋಡೆಗೆ ಅಂಟಿಸಿದ್ದು ನಿಜವಾದ ಕಲ್ಲುಗಳನ್ನೇ. ಕಲ್ಲು ಹೋಗಿ ಪ್ಲಾಸ್ಟಿಕ್ ಬಂತು, ಹವ್ಯಾಸ ಹೋಗಿ ಸ್ಪರ್ಧೆ ಬಂತು. 2018ರ ಏಷ್ಯನ್ ಗೇಮ್ಸ್ ಆಯಿತು, ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಆಯಿತು. ಅಲ್ಲಿ ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ 2024ರಲ್ಲಿ ಪ್ಯಾರಿಸ್‌ನಲ್ಲೂ ಗೆದ್ದರು. ಈಗಿನ ವೇಗದ ಸ್ಪರ್ಧೆಯಂತೂ ಪೂರ್ತಿ ಜಿಮ್ಮಿನ ಕೂಸು. ಜಗತ್ತಿನಲ್ಲಿ ಎಲ್ಲಿ ಹೋದರೂ ಅದೇ 15 ಮೀಟರ್ ಗೋಡೆ, ಅದೇ ಜಾಗದಲ್ಲಿ ಅದೇ ಹಿಡಿಗಳು. ಪ್ಯಾರಿಸ್‌ನಲ್ಲಿ ಪೋಲೆಂಡಿನ ಅಲೆಕ್ಸಾಂಡ್ರಾ ಮಿರೋಸ್ಲಾವ್ ಅದನ್ನು 6.06 ಸೆಕೆಂಡಿನಲ್ಲಿ, ಅಮೆರಿಕದ ಸ್ಯಾಮ್ ವಾಟ್ಸನ್ 4.74 ಸೆಕೆಂಡಿನಲ್ಲಿ ಏರಿದರು.

ಒಲಿಂಪಿಕ್ಸ್ ಮಾತು ಹಾಗಿರಲಿ. ಸಂಜೆ ಏಳು ಗಂಟೆಗೆ ಕಚೇರಿ ಮುಗಿಸಿ ಬರುವ ಮನುಷ್ಯನಿಗೆ ಈ ಗೋಡೆಯಿಂದ ಏನು ಸಿಗುತ್ತದೆ?

ಮೊದಲನೆಯದಾಗಿ, ಹೊತ್ತು ಸಿಗುತ್ತದೆ. ಹಂಪಿಯ ಬಂಡೆಗಳನ್ನು ಹತ್ತಲು ನವೆಂಬರಿನಿಂದ ಫೆಬ್ರುವರಿವರೆಗಿನ ನಾಲ್ಕು ತಿಂಗಳು ಬಿಟ್ಟರೆ ಕಷ್ಟ. ಆಮೇಲೆ ಕಲ್ಲು ಕಾದ ಹೆಂಚು. ರಾಮನಗರದಲ್ಲಿ ಮಳೆ ಬಂದರೆ ಇಡೀ ದಿನ ಹೋಯಿತು. ಬೆಂಗಳೂರಿನಿಂದ ಬಾದಾಮಿಗೆ ಹೋಗಿಬರಲು ವಾರಾಂತ್ಯವೇ ಬೇಕು. ವರ್ಷಕ್ಕೆ ಬೆರಳೆಣಿಕೆಯ ದಿನ ಬಂಡೆ ಮುಟ್ಟುವವನಿಗೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ. ವಾರಕ್ಕೆ ಎರಡು ಸಂಜೆ ಸಿಕ್ಕಿದರೆ ಆರು ತಿಂಗಳಲ್ಲಿ ಮೈ ಬೇರೆಯೇ ಆಗುತ್ತದೆ. ಕೈಯಿಂದ ಜಗ್ಗುವುದು ಬಿಟ್ಟು ಕಾಲಿನಿಂದ ಎದ್ದು ನಿಲ್ಲುವುದು ಬರುತ್ತದೆ. ಸೊಂಟವನ್ನು ಗೋಡೆಯ ಹತ್ತಿರ ಇಟ್ಟುಕೊಂಡರೆ ತೋಳಿನ ಮೇಲಿನ ಭಾರ ಅರ್ಧವಾದಂತಾಗುತ್ತದೆ ಎಂದು ಯಾರೂ ಹೇಳದೆ ತಿಳಿಯುತ್ತದೆ. ಮಾಮೂಲಿ ಜಿಮ್‌ನಲ್ಲಿ ಭಾರ ಎತ್ತಿ ತೋಳು ಬೆಳೆಸಿದ ಯುವಕರು ಇಲ್ಲಿ ಮೊದಲ ವಾರ ದಣಿದು ಕೂರುತ್ತಾರೆ. ಪಕ್ಕದಲ್ಲಿ ಭರತನಾಟ್ಯ ಕಲಿತ ಹುಡುಗಿ ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟಿಸುತ್ತ ಮೇಲೆ ಹೋಗಿರುತ್ತಾಳೆ. ಹೆಣ್ಣುಮಕ್ಕಳು ಮೊದಲ ದಿನದಿಂದಲೇ ಗಂಡಸರ ಸಮಕ್ಕೆ, ಅದೇ ಗೋಡೆಯಲ್ಲಿ, ಅದೇ ದಾರಿಯಲ್ಲಿ ಆಡಬಹುದಾದ ಆಟಗಳು ನಮ್ಮಲ್ಲಿ ಎಷ್ಟಿವೆ?

ಒಂದು ಸಂಜೆ ನೋಡಿದ್ದನ್ನು ಇಲ್ಲಿ ಹೇಳಬೇಕು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಹಸಿರು ಹಿಡಿಗಳ ದಾರಿಯೊಂದರಲ್ಲಿ ಒಂದೇ ಜಾಗದಲ್ಲಿ ಜಾರುತ್ತಿದ್ದಳು. ಎಡಗೈಯ ಹಿಡಿ ಸ್ಲೋಪರ್, ಬಲಗಾಲು ಎತ್ತಿ ಮೂಲೆಯ ಚಿಕ್ಕ ಹಿಡಿಗೆ ಇಡಬೇಕು. ಇಡುವಷ್ಟರಲ್ಲಿ ಕೈ ಜಾರಿ ಧೊಪ್ಪೆಂದು ಚಾಪೆಗೆ. ಏಳುವುದು, ಅಂಗೈಗೆ ಚಾಕ್ ಪುಡಿ ತಿಕ್ಕಿಕೊಳ್ಳುವುದು, ಮತ್ತೆ ಮೊದಲಿನಿಂದ. ದೂರದ ಬೆಂಚಿನ ಮೇಲಿದ್ದ ತಂದೆ ಸಲಹೆ ಕೊಡಲು ಎದ್ದರೆ ಕೋಚ್ ಬೇಡವೆಂದು ಸನ್ನೆ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಅವಳು ಬೀಳುವುದನ್ನು ನಿಲ್ಲಿಸಿ ಗೋಡೆಯೆದುರು ಸುಮ್ಮನೆ ನಿಂತಳು. ಗಾಳಿಯಲ್ಲೇ ಕೈಯಾಡಿಸಿ ಲೆಕ್ಕ ಹಾಕಿದಳು. ಈ ಸಲ ಬಲಗಾಲು ಎತ್ತುವ ಮೊದಲು ಎಡ ಮಂಡಿಯನ್ನು ಒಳಕ್ಕೆ ತಿರುಗಿಸಿ ಸೊಂಟವನ್ನು ಗೋಡೆಗೆ ಒತ್ತಿದಳು. ಕೈ ಜಾರಲಿಲ್ಲ. ಅಲ್ಲಿದ್ದವರು ಅರೆಗಳಿಗೆ ತಮ್ಮ ತಮ್ಮ ಗೋಡೆ ಬಿಟ್ಟು ಚಪ್ಪಾಳೆ ತಟ್ಟಿದರು. ಶಾಲೆಯಲ್ಲಿ ಒಂದು ಲೆಕ್ಕ ಇಷ್ಟು ಸಲ ತಪ್ಪಾದರೆ ಆ ಮಗುವಿನ ಮುಖ ಹೇಗಿರುತ್ತಿತ್ತೆಂದು ಯೋಚಿಸಿ ನೋಡಿ. ಇಲ್ಲಿ ತಪ್ಪಿಗೆ ಅಂಕ ಕಳೆಯುವವರಿಲ್ಲ. ಬಿದ್ದದ್ದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಮಕ್ಕಳಿಗೆ ಇದಕ್ಕಿಂತ ತುರ್ತಾಗಿ ಬೇಕಾದದ್ದು ಇನ್ನೇನಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮನಸ್ಸಿನ ಮೇಲೆ ಇದರ ಪರಿಣಾಮ ಕೇವಲ ನನ್ನ ಅನಿಸಿಕೆಯಲ್ಲ. ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದವರು ಖಿನ್ನತೆಯಿಂದ ಬಳಲುವವರನ್ನು ಗುಂಪು ಮಾಡಿ ವಾರಕ್ಕೊಮ್ಮೆ ಬೌಲ್ಡರಿಂಗ್ ಗೋಡೆಗೆ ಕರೆದೊಯ್ದು ಅಧ್ಯಯನ ನಡೆಸಿದ್ದಾರೆ. ಮೊದಲ ಫಲಿತಾಂಶ 2015ರಲ್ಲಿ ಬಂತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮನೆಯಲ್ಲೇ ವ್ಯಾಯಾಮ ಮಾಡಿದವರಿಗಿಂತ ಗೋಡೆ ಹತ್ತಿದ ಗುಂಪಿನವರ ಖಿನ್ನತೆ ಹೆಚ್ಚು ಇಳಿದಿತ್ತು. ಜೊತೆಗೆ ಮನೋಚಿಕಿತ್ಸಕರಿದ್ದರು, ಹತ್ತಿದ ಮೇಲೆ ಮಾತುಕತೆ ಇರುತ್ತಿತ್ತು ಎಂಬುದನ್ನು ಮರೆಯಬಾರದು. ಬರೀ ಸದಸ್ಯತ್ವದ ಕಾರ್ಡು ಔಷಧವಾಗುವುದಿಲ್ಲ. ಆದರೂ ಗೋಡೆಯ ಮೇಲಿದ್ದಾಗ ಬೇರೆ ಚಿಂತೆ ಮಾಡಲು ಬಿಡುವೇ ಇರುವುದಿಲ್ಲ ಎಂಬುದು ಹತ್ತಿದವರಿಗೆಲ್ಲ ಗೊತ್ತು. ಮುಂದಿನ ಹಿಡಿಯನ್ನು ಬಿಟ್ಟು ಬೇರೆಯದನ್ನು ನೆನೆದರೆ ಬಿದ್ದಿರುತ್ತೀರಿ.

ಅಪಾಯದ ಲೆಕ್ಕವೂ ಜಿಮ್‌ನ ಪರವಾಗಿಯೇ ಇದೆ. 2013ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಫೋಲ್ಕರ್ ಶೋಫ್ಲ್ ಮತ್ತು ಸಂಗಡಿಗರು ಐದು ವರ್ಷದ 5,15,337 ಭೇಟಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರು. ವರದಿಯಾದ ಗಾಯ 30. ಸಾವಿರ ಗಂಟೆ ಹತ್ತಿದರೆ 0.02 ಗಾಯ. ಭಾನುವಾರದ ಫುಟ್‌ಬಾಲ್ ಇದಕ್ಕಿಂತ ಎಷ್ಟೋ ಅಪಾಯಕರ. ಆದರೆ ಈ ಲೆಕ್ಕ ಅವಘಡದ ಗಾಯಗಳದ್ದು. ದಿನದಿನವೂ ಸವೆದು ಬರುವ ನೋವು ಇದರಲ್ಲಿ ಕಾಣುವುದಿಲ್ಲ. ಎಲ್ಲ ನಿಯಮ ಪಾಲಿಸುವ ಜಿಮ್‌ನ ಲೆಕ್ಕ ಇದು ಎಂಬುದೂ ನೆನಪಿರಲಿ.

ಇನ್ನು ಆ ನಿಯಮಗಳ ವಿಷಯ. ಕೆಳಗೆ ಒಂದಡಿ ದಪ್ಪದ ಚಾಪೆ ಇದೆ ಎಂಬ ಧೈರ್ಯ ಒಳ್ಳೆಯದೇ. ಆದರೆ ನಾಲ್ಕು ಮೀಟರಿನಿಂದ ಅಡ್ಡಾದಿಡ್ಡಿ ಬಿದ್ದರೆ ಚಾಪೆಯ ಮೇಲೂ ಕಣಕಾಲು ಉಳುಕುತ್ತದೆ, ಮಂಡಿಯ ಅಸ್ಥಿರಜ್ಜು ಹರಿಯುತ್ತದೆ. ಬೌಲ್ಡರಿಂಗ್‌ನಲ್ಲಿ ಪ್ರತಿ ಬೀಳುವಿಕೆಯೂ ನೆಲಕ್ಕೇ ಬೀಳುವುದು, ಹಗ್ಗ ಹಿಡಿಯುವುದಿಲ್ಲ ಎಂಬುದನ್ನು ಜನ ಮರೆಯುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಬ್ಬರ ಕೆಳಗೆ ನಿಲ್ಲುವುದು. ವಾರಾಂತ್ಯದ ಸಂಜೆ ಯಾವುದೇ ಜಿಮ್‌ಗೆ ಹೋಗಿ ನೋಡಿ: ಫೋನ್ ನೋಡುತ್ತ ಚಾಪೆಯ ನಡುವೆ ಕುಳಿತವರು, ಗೋಡೆಯಡಿ ಓಡಾಡುವ ಮಕ್ಕಳು, ಫೋಟೊ ತೆಗೆಯಲು ಹಿಂದೆ ಹಿಂದೆ ಸರಿಯುವವರು. ಮೇಲಿನಿಂದ ಅರವತ್ತು ಕಿಲೊ ಭಾರ ಯಾವ ಗಳಿಗೆಯಲ್ಲಾದರೂ ಬೀಳಬಹುದಾದ ಜಾಗ ಅದು. ಅಲ್ಲಿಂದ ಅವರನ್ನು ಎಬ್ಬಿಸುವ ಸಿಬ್ಬಂದಿ ಇರುವ ಜಿಮ್ ಒಳ್ಳೆಯ ಜಿಮ್. ಬೇರೆ ಯಾವ ಅಳತೆಗೋಲೂ ಬೇಕಿಲ್ಲ ಅನ್ನುವಷ್ಟು ಇದನ್ನು ನಾನು ನಂಬುತ್ತೇನೆ.

ಹಗ್ಗದ ಗೋಡೆಯಲ್ಲಿ ಇದೇ ಮರೆವು ಬೇರೆ ರೂಪದಲ್ಲಿ ಬರುತ್ತದೆ. ಅನೇಕ ಆಟೋ ಬಿಲೇ ಯಂತ್ರಗಳೊಳಗೆ ಕಾಂತೀಯ ಬ್ರೇಕು ಇರುತ್ತದೆ. ಬೀಳುವ ವೇಗ ಹೆಚ್ಚಿದಷ್ಟೂ ತಡೆ ಹೆಚ್ಚಿ ಮೆಲ್ಲಗೆ ಇಳಿಸುತ್ತದೆ. ಯಂತ್ರ ಕೆಡುವುದು ಬಹಳ ಅಪರೂಪ. ಅವಘಡಗಳಲ್ಲಿ ಹೆಚ್ಚಿನವು ನಡೆಯುವುದು ಕ್ಲಿಪ್ ಹಾಕಿಕೊಳ್ಳುವುದನ್ನೇ ಮರೆತು ಹತ್ತಿದಾಗ. ಒಂದೇ ಸಂಜೆ ಇಪ್ಪತ್ತು ಸಲ ಕ್ಲಿಪ್ ಹಾಕಿ ಬಿಚ್ಚಿದವರ ಕೈ ಇಪ್ಪತ್ತೊಂದನೆಯ ಸಲ ಹಾಕಿದೆ ಎಂದೇ ಭಾವಿಸಿಬಿಡುತ್ತದೆ. ಅದಕ್ಕೇ ದಾರಿಯ ಬುಡವನ್ನು ಮುಚ್ಚುವ ತ್ರಿಕೋನ ಪರದೆಯನ್ನು ಕಟ್ಟಿರುತ್ತಾರೆ, ಅದನ್ನು ಸರಿಸದೆ ಹತ್ತಲಾಗದು. ಇದು ಹೊಸಬರ ಕಾಯಿಲೆ ಅಂದುಕೊಳ್ಳಬೇಡಿ. ಜಗತ್ತಿನ ಅತಿ ಶ್ರೇಷ್ಠ ಕ್ಲೈಂಬರ್‌ಗಳಲ್ಲಿ ಒಬ್ಬರಾದ ಲಿನ್ ಹಿಲ್ 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಹಾರ್ನೆಸ್ಸಿಗೆ ಹಗ್ಗ ಪೋಣಿಸಿ ಗಂಟು ಪೂರ್ತಿ ಮಾಡುವುದನ್ನು ಮರೆತರು. ಮೇಲೆ ತಲುಪಿ ಹಗ್ಗದ ಮೇಲೆ ಭಾರ ಹಾಕಿದಾಗ ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗೆ ಬಿದ್ದು, ಮರವೊಂದರ ಕೊಂಬೆಗಳಿಂದಾಗಿ ಬದುಕುಳಿದರು. ಹೊರಡುವ ಮುನ್ನ ಹತ್ತುವವರು ಬಿಲೇ ಮಾಡುವವರ ಸಾಧನವನ್ನು, ಅವರು ಇವರ ಎಂಟರ ಗಂಟನ್ನು ಕೈಯಿಂದ ಮುಟ್ಟಿ ನೋಡುವ ಪದ್ಧತಿ ಎಲ್ಲ ಕಡೆ ಇರುವುದು ಇದಕ್ಕೇ. 1991ರಲ್ಲಿ ಬಂದ ಗ್ರಿಗ್ರಿಯಂಥ ಬಿಲೇ ಸಾಧನಗಳು ಹಗ್ಗ ತಟ್ಟನೆ ಎಳೆದಾಗ ತಾವೇ ಕಚ್ಚಿಕೊಳ್ಳುತ್ತವೆ, ನಿಜ. ಆದರೆ ಹಗ್ಗದ ಮೇಲಿನ ಕೈ ಬಿಡಬಾರದು ಎಂಬ ನಿಯಮ ಅದರಿಂದ ಬದಲಾಗಿಲ್ಲ.

ಬೆರಳುಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಮಕ್ಕಳನ್ನು ಜಿಮ್‌ಗೆ ಸೇರಿಸುವ ತಂದೆತಾಯಿಗೆ ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಬೆರಳು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಬೆರಳಿಗೆ ಬರುವುದು ಅವುಗಳ ಸ್ನಾಯುರಜ್ಜು ಮಾತ್ರ. ಆ ರಜ್ಜು ಮೂಳೆ ಬಿಟ್ಟು ಮೇಲೇಳದಂತೆ ಅಲ್ಲಲ್ಲಿ ಉಂಗುರದಂಥ ಪಟ್ಟಿಗಳು ಹಿಡಿದಿರುತ್ತವೆ. ಬೆರಳ ಬುಡದ ಮೂಳೆಯ ಮೇಲಿನ ಪಟ್ಟಿಗೆ ಎ2 ಪುಲ್ಲಿ ಎಂದು ಹೆಸರು. ಸಣ್ಣ ಅಂಚನ್ನು ಕ್ರಿಂಪ್ ಹಿಡಿತದಲ್ಲಿ, ಅಂದರೆ ನಡುಗೆಣ್ಣನ್ನು ಚೂಪಾಗಿ ಮಡಚಿ ಹಿಡಿದಾಗ, ಬೆರಳ ತುದಿಯ ಮೇಲಿನ ಭಾರದ ಹಲವು ಪಟ್ಟು ಎಳೆತ ಈ ಪಟ್ಟಿಯ ಮೇಲೆ ಬೀಳುತ್ತದೆ. ಉಂಗುರ ಬೆರಳಿನಲ್ಲಿ ಅದು ಹರಿಯುವುದು ಈ ಆಟದ ಅತಿ ಪರಿಚಿತ ಗಾಯ. ಹರಿಯುವಾಗ ಟಪ್ಪೆಂದು ಶಬ್ದ ಕೇಳಿದ್ದೂ ಉಂಟು. ಹೊಸಬರಿಗೆ ಇದಾಗಲು ಕಾರಣ ಸರಳ. ಸ್ನಾಯು ಕೆಲವು ತಿಂಗಳಲ್ಲಿ ಬಲಿಯುತ್ತದೆ, ರಜ್ಜು ಮತ್ತು ಪಟ್ಟಿಗಳಿಗೆ ಹೊಂದಿಕೊಳ್ಳಲು ವರ್ಷಗಳೇ ಬೇಕು. ತೋಳಿಗೆ ಆಗುತ್ತದೆ ಅನ್ನಿಸಿದ್ದು ಬೆರಳಿಗೆ ಇನ್ನೂ ಆಗದು. ಮೊದಲ ವರ್ಷ ಕ್ರಿಂಪ್‌ಗಳ ಗೋಡೆಯಿಂದ ದೂರವಿದ್ದು ಜಗ್‌ಗಳ ದಾರಿಗಳನ್ನೇ ಹತ್ತಿದರೆ ನಷ್ಟವೇನೂ ಇಲ್ಲ.

ಮಕ್ಕಳ ಸಂಗತಿ ಬೇರೆ. ಬೆಳೆಯುವ ಮೂಳೆಯ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಫಲಕ ಇರುತ್ತದೆ. ಹದಿಹರೆಯದಲ್ಲಿ, ಮಗು ಸರ್ರನೆ ಎತ್ತರವಾಗುವ ಆ ವರ್ಷಗಳಲ್ಲಿ, ಬೆರಳಿನಲ್ಲಿ ಪಟ್ಟಿಗಿಂತ ಮೊದಲು ಸೋಲುವುದು ಈ ಫಲಕ. ಬೆರಳ ನಡುಗೆಣ್ಣಿನ ಹಿಂಭಾಗದಲ್ಲಿ ನೋವು ಶುರುವಾಗುತ್ತದೆ. ಬಿದ್ದಿಲ್ಲ, ಪೆಟ್ಟಾಗಿಲ್ಲ, ಹಾಗಾಗಿ ಉಳುಕು ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಮಗು ನೋವು ನುಂಗಿಕೊಂಡು ಹತ್ತುತ್ತಲೇ ಇರುತ್ತದೆ. ಅದು ಒತ್ತಡದಿಂದಾದ ಮೂಳೆಮುರಿತ ಆಗಿರಬಹುದು, ಗಮನಿಸದೆ ಬಿಟ್ಟರೆ ಬೆರಳು ಸೊಟ್ಟಗೆ ಬೆಳೆಯಬಹುದು. ಹದಿಮೂರರಿಂದ ಹದಿನಾರರ ಮಗು ಗೆಣ್ಣು ನೋವು ಎಂದರೆ ಹತ್ತುವುದನ್ನು ಅಂದೇ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಬೇಕು. ಬೇಗ ಗೊತ್ತಾದರೆ ವಿಶ್ರಾಂತಿಯಿಂದಲೇ ಕೂಡಿಕೊಳ್ಳುತ್ತದೆ. ಮರದ ಪಟ್ಟಿಗಳಿಗೆ ಜೋತುಬಿದ್ದು ಕಾಲೂರದೆ ಕೈಯಿಂದ ಕೈಗೆ ನೆಗೆಯುತ್ತ ಮೇಲೇರುವ ಕ್ಯಾಂಪಸ್ ಬೋರ್ಡ್ ಎಂಬ ಸಾಧನ ಅನೇಕ ಜಿಮ್‌ಗಳ ಮೂಲೆಯಲ್ಲಿ ಇರುತ್ತದೆ. 1988ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಗ್ಯುಲ್ಲಿಷ್ ಅದನ್ನು ಮಾಡಿಕೊಂಡದ್ದು ಆ ಕಾಲದ ಅತಿ ಕಠಿಣ ದಾರಿಗಳಿಗೆ ತಯಾರಾಗಲು. ಬೆಳವಣಿಗೆ ನಿಲ್ಲದ ಮಕ್ಕಳು ಅದರ ಹತ್ತಿರ ಹೋಗಬಾರದು. ಸೇರಿಸುವ ಮೊದಲು ಕೋಚ್‌ಗೆ ಈ ಒಂದು ಪ್ರಶ್ನೆ ಕೇಳಿ: ಮಕ್ಕಳನ್ನು ಕ್ಯಾಂಪಸ್ ಬೋರ್ಡಿಗೆ ಬಿಡುತ್ತೀರಾ? ಹೌದು ಎಂದರೆ ಬೇರೆ ಜಿಮ್ ಹುಡುಕಿ.

ತೂಕದ ಗೀಳು ಇದರ ಬೆನ್ನಿಗೇ ಬರುತ್ತದೆ. ಮೈಭಾರ ಕಡಿಮೆಯಾದಷ್ಟೂ ಹತ್ತುವುದು ಸಲೀಸು ಎಂಬ ಲೆಕ್ಕ ಯಾರಿಗೂ ಹೊಳೆಯುತ್ತದೆ. ಅದನ್ನು ನಂಬಿ ಹಸಿದುಕೊಂಡು ಮೂಳೆ, ಹಾರ್ಮೋನು ಎಲ್ಲ ಕೆಡಿಸಿಕೊಂಡ ಆಟಗಾರರು ವಿಶ್ವಮಟ್ಟದಲ್ಲಿ ಅನೇಕರು. ಅಂತರರಾಷ್ಟ್ರೀಯ ಕ್ಲೈಂಬಿಂಗ್ ಒಕ್ಕೂಟ 2024ರಲ್ಲಿ ಸ್ಪರ್ಧಿಗಳ ಆರೋಗ್ಯ ತಪಾಸಣೆಗೆ ನಿಯಮ ತರಬೇಕಾಯಿತು. ನಮ್ಮ ಹದಿಹರೆಯದ ಹುಡುಗಿಯರಿಗೆ ದಪ್ಪಗಾದೆ, ತೆಳ್ಳಗಾದೆ ಎನ್ನುವವರು ಮನೆಯಲ್ಲೇ ಸಾಕಷ್ಟಿದ್ದಾರೆ, ಕೋಚ್ ಬಾಯಲ್ಲಿ ಆ ಮಾತು ಬರಬಾರದು.

ಗಾಳಿಯ ವಿಷಯ ಈಚೆಗಷ್ಟೇ ಗಮನಕ್ಕೆ ಬಂದದ್ದು. ಬೆವರು ಹೀರಲು ಬಳಸುವ ಚಾಕ್ ಮೆಗ್ನೀಸಿಯಂ ಕಾರ್ಬೊನೇಟ್, ಅದರ ಧೂಳು ಕಣ್ಣಿಗೇ ಕಾಣುತ್ತದೆ. ಕಾಣದ್ದು ಶೂಗಳ ಅಟ್ಟೆಯಿಂದ ಸವೆದು ಏಳುವ ರಬ್ಬರ್ ಕಣ. ವಿಯೆನ್ನಾ ವಿಶ್ವವಿದ್ಯಾಲಯ ಮತ್ತು ಸ್ವಿಟ್ಜರ್‌ಲೆಂಡಿನ ಇಪಿಎಫ್‌ಎಲ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳು ಯುರೋಪಿನ ಜಿಮ್‌ಗಳ ಗಾಳಿಯನ್ನು ಪರೀಕ್ಷಿಸಿ 2025ರಲ್ಲಿ ವರದಿ ಕೊಟ್ಟರು. ವಾಹನಗಳ ಟೈರಿನಲ್ಲಿರುವಂಥದೇ ರಾಸಾಯನಿಕಗಳು ಅಲ್ಲಿ ಬಹಳ ಹೆಚ್ಚಿನ ಪ್ರಮಾಣದಲ್ಲಿ ಕಂಡಿದ್ದವು. ಗಾಬರಿಯಾಗಿ ಓಡಿಹೋಗುವಂಥದ್ದೇನೂ ಇಲ್ಲ. ಆದರೆ ಕಿಟಕಿಯಿಲ್ಲದ ನೆಲಮಾಳಿಗೆಯ ಜಿಮ್‌ಗೂ ಗಾಳಿಯಾಡುವ ಶೆಡ್ಡಿನ ಜಿಮ್‌ಗೂ ನಡುವೆ ಆಯ್ಕೆಯಿದ್ದರೆ, ಆಸ್ತಮಾ ಇರುವವರು ಯಾವುದಕ್ಕೆ ಹೋಗಬೇಕೆಂದು ಹೇಳಬೇಕಿಲ್ಲ. ಪುಡಿಯ ಬದಲು ದ್ರವ ಚಾಕ್ ಬಳಸಿದರೂ ಧೂಳು ಇಳಿಯುತ್ತದೆ.

ಈಗ ಗೋಡೆಯ ಹಿಂದಿರುವ ಮನುಷ್ಯನಿಗೆ ಬರೋಣ. ಹಿಡಿಗಳನ್ನು ಎಲ್ಲಿ ಕೂರಿಸಬೇಕೆಂದು ನಿರ್ಧರಿಸುವವರನ್ನು ರೂಟ್ ಸೆಟ್ಟರ್ ಅನ್ನುತ್ತಾರೆ. ಒಳ್ಳೆಯ ಸೆಟ್ಟರ್ ಇದ್ದರೆ ಪ್ರತಿ ದಾರಿಯೂ ಒಂದೊಂದು ಒಗಟು, ತಿಂಗಳಿಗೊಮ್ಮೆ ಹೊಸದು. ಆದರೆ ಆ ಒಗಟು ಸೆಟ್ಟರ್‌ನ ಮೈಯಳತೆಯಲ್ಲಿ ಹುಟ್ಟುತ್ತದೆ. ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ 154 ಸೆಂಟಿಮೀಟರ್ ಎತ್ತರದ ಜಪಾನಿನ ಐ ಮೋರಿ ಮೊದಲ ಬೌಲ್ಡರಿನ ಆರಂಭದ ಹಿಡಿಗೇ ಕೈ ಎಟುಕದೆ ಮತ್ತೆ ಮತ್ತೆ ನೆಗೆದದ್ದನ್ನು ಜಗತ್ತೇ ನೋಡಿತು. ಹಗ್ಗದ ಸುತ್ತಿನಲ್ಲಿ ಎಲ್ಲರಿಗಿಂತ ಮೇಲೆ ಹೋದ ಆಕೆಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ನಮ್ಮ ಜಿಮ್‌ಗಳಲ್ಲೂ ಕುಳ್ಳಗಿರುವ ಹೆಣ್ಣುಮಕ್ಕಳು, ಚಿಕ್ಕ ಮಕ್ಕಳು ಇದೇ ತೊಂದರೆ ಪಡುತ್ತಾರೆ. ಸೆಟ್ಟಿಂಗ್ ತಂಡದಲ್ಲಿ ಒಬ್ಬ ಹೆಂಗಸಿದ್ದರೆ ಗೋಡೆಯೇ ಬದಲಾಗುತ್ತದೆ.

ಬಂಡೆಗೆ ಸೆಟ್ಟರ್ ಇಲ್ಲ, ಬಣ್ಣವೂ ಇಲ್ಲ. ಜಿಮ್‌ನಲ್ಲಿ ಪಳಗಿದವರು ಮೊದಲ ಸಲ ಸಾವನದುರ್ಗದ ಬಂಡೆಯೆದುರು ನಿಂತಾಗ ಏನಾಗುತ್ತದೆಂದು ನೋಡಬೇಕು. ಅದು ಒಂದು ದೊಡ್ಡ ಇಳಿಜಾರು, ಕ್ಲೈಂಬರ್‌ಗಳ ಮಾತಿನಲ್ಲಿ ಸ್ಲ್ಯಾಬ್. ಹಿಡಿಯಲು ಏನೂ ಇಲ್ಲ. ಜಿಮ್‌ನ ಗೋಡೆಗಳು ಹೆಚ್ಚಾಗಿ ಮುಂದಕ್ಕೆ ವಾಲಿರುತ್ತವೆ, ಅಲ್ಲಿ ಬೆರಳು ಮತ್ತು ತೋಳಿನ ಬಲ ನಡೆಯುತ್ತದೆ. ಇಲ್ಲಿ ಅಂಗೈಯನ್ನು ಕಲ್ಲಿಗೆ ಚಪ್ಪಟೆಯಾಗಿ ಒತ್ತಿ, ಹಿಮ್ಮಡಿ ಇಳಿಸಿ, ಶೂವಿನ ರಬ್ಬರು ಕಲ್ಲಿನ ಹರಳನ್ನು ಕಚ್ಚುತ್ತದೆಂದು ನಂಬಿ ನಿಲ್ಲಬೇಕು. ಗಾಬರಿಯಾಗಿ ಕಲ್ಲಿನ ಹತ್ತಿರಕ್ಕೆ ಬಾಗಿದರೆ ತೂಕ ಪಾದದಿಂದ ಸರಿದು ಜಾರುತ್ತದೆ. ಕಾಲಿನ ಮೀನಖಂಡ ನಡುಗುತ್ತದೆ. ಎರಡು ಬೋಲ್ಟುಗಳ ನಡುವಿನ ದೂರ ನೋಡಿದರೆ ಎದೆ ಝಲ್ಲೆನ್ನುತ್ತದೆ, ಇಲ್ಲಿ ಜಾರಿದರೆ ಆ ದೂರದ ಎರಡು ಪಟ್ಟು ಕಲ್ಲಿನ ಮೇಲೆ ಉಜ್ಜಿಕೊಂಡು ಕೆಳಗೆ. ಬೋಲ್ಟು ಗಟ್ಟಿಯಿದೆಯೇ, ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸಿ ಹೇಳುವ ಸಿಬ್ಬಂದಿ ಇಲ್ಲ. ಮೇಲೆ ಹೆಜ್ಜೇನು ಕಟ್ಟಿರಬಹುದು. ಜೇನು ಎದ್ದರೆ ಹಗ್ಗದಲ್ಲಿ ನೇತಾಡುವವನು ಓಡುವುದೆಲ್ಲಿಗೆ? ಬಂಡೆ ಹತ್ತುವವರಿಗೆ ಈ ತೀರ್ಮಾನಗಳೇ ಅರ್ಧ ವಿದ್ಯೆ. ಮೋಡ ನೋಡುವುದು, ಇಳಿಯುವ ದಾರಿ ಮೊದಲೇ ತಿಳಿಯುವುದು, ಇವತ್ತು ಬೇಡ ಎಂದು ವಾಪಸು ಬರುವುದು. ಜಿಮ್ ಇವುಗಳನ್ನೆಲ್ಲ ನಮ್ಮ ಪರವಾಗಿ ತಾನೇ ಮಾಡಿ ಮುಗಿಸಿರುತ್ತದೆ. ಬಲ ಬಂದಷ್ಟೇ ಬೇಗ ಈ ವಿವೇಚನೆ ಬರುವುದಿಲ್ಲ, ಈ ಎರಡರ ನಡುವಿನ ಕಂದಕದಲ್ಲೇ ಜನ ಬೀಳುವುದು.

ಹೊರಗಿನ ನಡವಳಿಕೆಯನ್ನೂ ಒಳಗೆ ಕಲಿಸುವವರು ಕಡಿಮೆ. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅಳಿವಿನಂಚಿನ ಉದ್ದಕೊಕ್ಕಿನ ರಣಹದ್ದುಗಳು ಆ ಬಂಡೆಗಳ ಅಂಚಿನಲ್ಲಿ ಗೂಡು ಕಟ್ಟುತ್ತವೆ. ಅಲ್ಲಿ ಹತ್ತಬಹುದಾದ ಕಲ್ಲು ಇದೆ ಎಂಬುದು ಹತ್ತಲು ಕಾರಣವಾಗದು. ಹಂಪಿಯ ಕತೆ ಇನ್ನೊಂದು. 2003ರ ಸುಮಾರಿಗೆ ಅಮೆರಿಕದ ಕ್ರಿಸ್ ಶರ್ಮಾ ಅಲ್ಲಿನ ಬಂಡೆಗಳನ್ನು ಹತ್ತಿದ ಸಿನಿಮಾ ಬಂದ ಮೇಲೆ ಜಗತ್ತಿನ ಮೂಲೆಮೂಲೆಯಿಂದ ಬೌಲ್ಡರಿಂಗ್ ಮಾಡುವವರು ವಿರೂಪಾಪುರ ಗಡ್ಡೆಗೆ ಬಂದರು. ಅಲ್ಲಿನ ರೆಸಾರ್ಟುಗಳು ಪಾರಂಪರಿಕ ವಲಯದ ನಿಯಮ ಮೀರಿದ್ದವೆಂದು ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ಅವನ್ನು ಕೆಡವಲಾಯಿತು. ಬಂಡೆ ಅಲ್ಲೇ ಇದೆ. ಆದರೆ ಅದು ಯಾರದೋ ಹೊಲದ ಬದುವಿನಲ್ಲಿದೆ, ಯಾವುದೋ ಗುಡಿಯ ನೆರಳಿನಲ್ಲಿದೆ. ಸ್ಮಾರಕದ ಕಲ್ಲಿಗೂ ಬರೀ ಕಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದೆ, ಹೊಲದವರನ್ನು ಮಾತಾಡಿಸದೆ, ಚಾಕ್ ಗುರುತು ಬಳಿದು ಬರುವವರು ಮುಂದಿನವರ ದಾರಿ ಮುಚ್ಚುತ್ತಾರೆ. ಬಣ್ಣದ ಹಿಡಿ ಬದಲಾಯಿಸುವಷ್ಟು ಸುಲಭದಲ್ಲಿ ಬಂಡೆಯ ಮೇಲಿನ ಗಾಯ ಹೋಗುವುದಿಲ್ಲ.

ಕೊನೆಯದು ದುಡ್ಡಿನ ಮಾತು. ಬೆಂಗಳೂರಿನ ಈಕ್ವಿಲಿಬ್ರಿಯಮ್‌ನಂಥ ಖಾಸಗಿ ಕೇಂದ್ರಗಳು ಈ ಆಟಕ್ಕೆ ದೊಡ್ಡ ಬಳಗವನ್ನೇ ಕಟ್ಟಿಕೊಟ್ಟಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆ, ಹಿಡಿ, ಚಾಪೆ, ನಗರದ ಬಾಡಿಗೆ ಎಲ್ಲ ಸೇರಿ ಖಾಸಗಿ ಜಿಮ್ ಎಂಬುದು ದುಬಾರಿ ಬಾಬತ್ತು. ಒಂದು ಸಂಜೆಗೆ ನೂರಾರು ರೂಪಾಯಿ, ಸ್ವಂತ ಶೂ ಬೇಕೆಂದರೆ ಸಾವಿರಾರು. ಅಲ್ಲಿಗೆ ಬರುವವರ ಕೆಲಸ, ಭಾಷೆ, ಬಟ್ಟೆ ಎಲ್ಲ ಒಂದೇ ತೆರನಾಗಿರುವುದು ಅದಕ್ಕೇ. ಕಂಠೀರವ ಕ್ರೀಡಾಂಗಣದ ಆವರಣದ ಕೃತಕ ಗೋಡೆಯ ಕಡೆ ಹೋದರೆ ಬೇರೆ ಮಕ್ಕಳು ಕಾಣುತ್ತಾರೆ. ಚಾಪೆಯ ಮೆತ್ತೆಯಾಗಲಿ ಬಣ್ಣದ ಹಿಡಿಗಳ ಬೆಡಗಾಗಲಿ ಖಾಸಗಿ ಜಿಮ್‌ನಷ್ಟಿಲ್ಲ, ಬಿಸಿಲು ಮಳೆಗೆ ತಡೆಯಿಲ್ಲ. ಆದರೂ ಈ ಊರಿನಿಂದ ರಾಷ್ಟ್ರಮಟ್ಟಕ್ಕೆ ಹೋದ ಹಲವು ಕ್ಲೈಂಬರ್‌ಗಳು ಕೈ ಪಳಗಿಸಿಕೊಂಡದ್ದು ಅಲ್ಲಿಯೇ. ಅಂಥ ಗೋಡೆಯೊಂದು ಪ್ರತಿ ಜಿಲ್ಲಾ ಕ್ರೀಡಾಂಗಣದಲ್ಲಿ, ಮೇಲೊಂದು ಸೂರು ಹಾಕಿ, ತರಬೇತಾದ ಒಬ್ಬರನ್ನು ನಿಲ್ಲಿಸಿ ನಡೆಸುವುದು ಈ ರಾಜ್ಯಕ್ಕೆ ಎಟುಕದ ಖರ್ಚಲ್ಲ. ಬಾದಾಮಿಯ ಕೆಂಪು ಮರಳುಗಲ್ಲು, ಹಂಪಿಯ ಗುಂಡುಗಳು, ರಾಮನಗರದ 250 ಕೋಟಿ ವರ್ಷ ಹಳೆಯ ಗ್ರಾನೈಟು, ಇವುಗಳ ಬುಡದಲ್ಲೇ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಹೊರದೇಶದವರು ಚಾಪೆ ಹೊತ್ತು ಬಂದು ತಮ್ಮೂರಿನ ಕಲ್ಲು ಹತ್ತುವುದನ್ನು ಅವರು ಬಹಳ ವರ್ಷಗಳಿಂದ ನೋಡುತ್ತಿದ್ದಾರೆ. ಬೀಳುವುದು ಹೇಗೆಂದು ಆ ಮಕ್ಕಳಿಗೂ ಯಾರಾದರೂ ಹೇಳಿಕೊಡಬೇಕು, ಶಾಲೆ ಬಿಟ್ಟ ಮೇಲೆ, ದುಡ್ಡು ಕೇಳದೆ.